ಟಿಪ್ಸ್ ಇದ್ದರೆ ಸಂಬಳ ಬೇಡವೇ?

ಕಳೆದ ತಿಂಗಳು ನಮ್ಮ ಪೇಟೆಯ ಹೋಟೆಲೊಂದರಲ್ಲಿ ಮಕ್ಕಳೊಂದಿಗೆ ಊಟ ಮುಗಿಸಿ, ಸೋಂಪಿನ ತಟ್ಟೆಯಲ್ಲಿ 20 ರೂಪಾಯಿ ಇಟ್ಟೆ. ಸಪ್ಲೈಯರ್ ನನ್ನ ಹಳೆಯ ಶಿಷ್ಯ. "ಬೇಡ ಉಸ್ತಾದ್" ಎಂದ. ಕಾರಣ ಕೇಳಿದಾಗ ಮೆಲ್ಲನೆ ಹೇಳಿದ: "ಸಂಬಳ ಹೆಚ್ಚಿಸಿ ಎಂದರೆ, ಟಿಪ್ಸ್ ಬರುತ್ತದಲ್ಲ ಎನ್ನುತ್ತಾರೆ ಧಣಿಗಳು."

ಆ ಮಾತು ನನಗೆ ಹೊಸದಲ್ಲ. ಮದ್ರಸ ಸೇರಿದ ವರ್ಷ ವೇತನದ ಮಾತೆತ್ತಿದಾಗ, "ನಿಕಾಹ್‌ಗಳಲ್ಲಿ ಹದಿಯಾ ಸಿಗುತ್ತದಲ್ಲ ಉಸ್ತಾದರೇ" ಎಂದು ಹಿರಿಯರೊಬ್ಬರು ನಕ್ಕಿದ್ದರು. ಮುಂದೆ ಯಾರ ಮನೆಯಲ್ಲಿ ಮದುವೆಯೆಂದು ಲೆಕ್ಕಹಾಕುತ್ತಾ ತಿಂಗಳು ದೂಡುವ ಮುಜುಗರವನ್ನು ನಾನು ಬಲ್ಲೆ.

ಕೂಲಿಕಾರನ ಬೆವರಾರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ಬಾಯಿಪಾಠ. ಊಟ ತಂದಿಟ್ಟ ಸೇವಕನನ್ನು ಜೊತೆಗೆ ಕೂರಿಸದಿದ್ದರೂ ಒಂದೆರಡು ತುತ್ತು ಕೊಡಬೇಕು, ಒಲೆಯ ಬಿಸಿ ತಾಳಿದವನು ಅವನೇ ಎಂಬ ಆಶಯದ ಹದೀಸ್ ಸಹೀಹುಲ್ ಬುಖಾರಿಯಲ್ಲಿದೆ. ಆ ತುತ್ತನ್ನು ತೋರಿಸಿ ಕೂಲಿಯನ್ನು ಕಡಿಮೆ ಮಾಡಲು ಅಲ್ಲಿ ಅವಕಾಶವಿಲ್ಲ.

ನಗರದ ದೊಡ್ಡ ರೆಸ್ಟೋರೆಂಟುಗಳ ಬಿಲ್ಲಿನಲ್ಲಿ ತಾನಾಗಿಯೇ ಸೇರುತ್ತಿದ್ದ ಸೇವಾ ಶುಲ್ಕಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ತಡೆ ಹಾಕಿತು. 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗ್ರಾಹಕನ ಮಾತಾಯಿತು. ಬಡಿಸುವವನ ಸಂಬಳದ ಮಾತು ಧಣಿಯೊಂದಿಗೇ ಆಗಬೇಕು.

ಆ ಧಣಿಯವರು ನಮ್ಮ ಮಸೀದಿಯ ಮೊದಲ ಸಫ್ಫಿನಲ್ಲಿ ನಿಲ್ಲುವವರು. ಜುಮಾದ ಬಳಿಕ ಅವರೊಡನೆ ಮಾತನಾಡಬೇಕೆಂದು ಎರಡು ವಾರದಿಂದ ಅಂದುಕೊಳ್ಳುತ್ತಿದ್ದೇನೆ. ನನ್ನ ಸಂಬಳಕ್ಕೂ ಅವರ ದೇಣಿಗೆಯೇ ಆಧಾರ.