ನಾಲ್ಕಂಗುಲದ ಕೊಳವೆ

ಯಲಹಂಕದ ನೆರೆಯ ಕೋಗಿಲಿನಲ್ಲಿ, ಉದ್ಯೋಗದಿಂದ ನಿವೃತ್ತರಾದ ಗೃಹಸ್ಥರೊಬ್ಬರು ಮನೆಯ ಹಿಂಬದಿಯ ಕೊಠಡಿಯಲ್ಲಿ ಮರಗೆಲಸವನ್ನು ಹಚ್ಚಿಕೊಂಡಿರುವರು. ತೇಗ, ಹೊನ್ನೆ, ಹಲಸು ಇವು ಅವರ ಕೈಗೆ ಒಗ್ಗಿದ ಮರಗಳು. ವೃದ್ಧಾಪ್ಯದಲ್ಲಿ ಇಂತಹ ವ್ಯಸನವು ಪರನಿಂದೆಗಿಂತ ಎಷ್ಟೋ ಮೇಲು. ಆದರೆ ಗರಗಸದ ಯಂತ್ರವು ತಿರುಗಲಾರಂಭಿಸಿದೊಡನೆ, ಉಬ್ಬಸದಿಂದ ನರಳುವ ಅವರ ಪತ್ನಿಗೆ ಅಡುಗೆಮನೆಯಲ್ಲಿ ಕೆಮ್ಮು ಹತ್ತುತ್ತಿದ್ದಿತು. ಕಣ್ಣಿಗೆ ಕಾಣುವ ಹೊಟ್ಟು ನೆಲಕ್ಕೆ ಬೀಳುವುದು. ಕಾಣದ ಸೂಕ್ಷ್ಮರಜವೇ ಬಹಳ ಹೊತ್ತು ಗಾಳಿಯಲ್ಲಿ ತೇಲಿ ಶ್ವಾಸಕೋಶವನ್ನು ಸೇರುವುದು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 1995ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮರದ ಧೂಳನ್ನು ಮಾನವರಿಗೆ ಅರ್ಬುದಕಾರಕವೆಂದೇ ನಿರ್ಣಯಿಸಿದೆ.

ಆದಕಾರಣ ಅವರು ಧೂಳು ಸೆಳೆಯುವ ಯಂತ್ರವೊಂದನ್ನು ತರಿಸಿದರು. ಅದರ ಜೋಡಣೆಗಳೆಲ್ಲವೂ ನಾಲ್ಕಂಗುಲದವು. ಅಂಗಡಿಯಿಂದ ನಾಲ್ಕಿಂಚಿನ ಪಿವಿಸಿ ಪೈಪನ್ನೂ ಕೇಳಿ ತಂದರು. ಸೇರಿಸಹೋದರೆ ಒಂದರೊಳಗೊಂದು ಸಡಿಲವಾಗಿ ಅಲುಗಾಡಿತು! ನಮ್ಮಲ್ಲಿ ಈ ಪೈಪನ್ನು ಅಳೆಯುವುದು ಹೊರವ್ಯಾಸದಿಂದ. ವ್ಯಾಪಾರಿಯು ನಾಲ್ಕಿಂಚೆನ್ನುವುದು 110 ಮಿಲಿಮೀಟರಿನದು. ನಿಜವಾದ ನಾಲ್ಕಂಗುಲವು 101.6. ಪೈಪಿನ ದಪ್ಪವು ದರ್ಜೆಗೆ ತಕ್ಕಂತೆ ಬೇರೆಯಾಗುವುದರಿಂದ ಒಳಬಾಯಿಯೂ ಒಂದೊಂದಕ್ಕೆ ಒಂದೊಂದು. ಯೋಗಾರ್ಥಕ್ಕಿಂತ ರೂಢಿಯು ಬಲವತ್ತರವೆಂದು ಶಾಸ್ತ್ರಜ್ಞರು ಹೇಳುವರು. ಗಾಳಿಗೆ ಆ ನ್ಯಾಯವು ತಿಳಿಯದು. ಸಂದಿನಲ್ಲಿ ಅದು ಎಷ್ಟು ನುಸುಳುವುದೋ ಗರಗಸದ ಬುಡದಲ್ಲಿ ಸೆಳೆತವು ಅಷ್ಟು ಕುಂದುವುದು.

ಮೊದಲು ಅವರು ಸಂದುಗಳಿಗೆ ಅಂಟು ತುಂಬಿ ಭದ್ರಪಡಿಸಿದರು. ಎರಡನೆಯ ವಾರವೇ ತಿರುವಿನಲ್ಲಿ ಹೊಟ್ಟು ಕಟ್ಟಿಕೊಂಡಿತು. ಬಿಚ್ಚಲಾಗದೆ ಪೈಪನ್ನೇ ಕುಯ್ಯಬೇಕಾಯಿತು. ವ್ಯಾಕರಣದ ಸಂಧಿಯನ್ನಾದರೂ ಬಿಡಿಸಬಹುದು! ಅನಂತರ ಅವರು ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಗರಗಸದ ಕಡೆಯ ಜೋಡಣೆಗೆ ಬಿಗಿಯಾಗಿ ಸುತ್ತಿ ಪೈಪಿನೊಳಕ್ಕೆ ತಳ್ಳಿದರು. ಗಾಳಿಯು ಹರಿಯುವ ದಿಕ್ಕಿಗೇ ಒಂದು ಇನ್ನೊಂದರೊಳಗೆ ಹೋಗಬೇಕು. ಇಲ್ಲವಾದರೆ ಅಂಚಿಗೆ ಹೊಟ್ಟು ತಡೆಯುವುದು. ಯಂತ್ರದ ಕಡೆ ಎರಡು ಬಾಯಿಗಳನ್ನೂ ಎದುರುಬದುರಾಗಿಟ್ಟು ರಬ್ಬರಿನ ತೋಳನ್ನು ಹೊದಿಸಿ ಕ್ಲಿಪ್ಪುಗಳಿಂದ ಬಿಗಿದರು. 90 ಡಿಗ್ರಿಯ ಬೆಂಡನ್ನು ತೆಗೆದು 45ರವು ಎರಡನ್ನು ಹಾಕಿದರು.

ಪರೀಕ್ಷೆಗೆ ದೀಪದ ಬತ್ತಿಗೆಂದು ಪತ್ನಿಯು ಇಟ್ಟಿದ್ದ ಹತ್ತಿಯಿಂದ ಎಳೆಯೊಂದನ್ನು ಬಿಡಿಸಿಕೊಂಡು ಪ್ರತಿಯೊಂದು ಸಂದಿಗೂ ಹಿಡಿದರು. ಮೂರನೆಯದರಲ್ಲಿ ಎಳೆಯು ಒಳಕ್ಕೆ ಬಾಗಿತು. ಅಲ್ಲಿ ಇನ್ನೊಂದು ಸುತ್ತು ಹಾಕಿದರು. ಯಂತ್ರದ ಬಟ್ಟೆಯ ಚೀಲವು ಅತಿಸೂಕ್ಷ್ಮವಾದ ಧೂಳನ್ನು ಹಿಡಿದಿಡಲಾರದೆಂದು ಯಂತ್ರವನ್ನೇ ಹೊರಗಿನ ಜಗಲಿಗೆ ಸಾಗಿಸಿರುವರು. ಕೆಮ್ಮು ಕಡಿಮೆಯಾಗಿದೆ. ಆದರೂ ಗರಗಸದ ಸದ್ದು ಕೇಳಿಸಿದೊಡನೆ ಆಕೆಯು ಅಡುಗೆಮನೆಯ ಕದವನ್ನು ಮುಚ್ಚುವರು, ಅವರೂ ಬೇಡವೆನ್ನುವುದಿಲ್ಲ.