ಅಲ್ಲಿ ಯಾರಿದ್ದಾರೆ?

ಕುಮಟೆಯಲ್ಲಿ ಯಾರಾದರೂ ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟರೆ ಎದುರಿಗೆ ಸಿಕ್ಕವರು ಎರಡು ಮಾತು ಕೇಳಿಯೇ ಕೇಳುತ್ತಾರೆ: ಯಾವ ಊರಿಗೆ, ಅಲ್ಲಿ ಯಾರಿದ್ದಾರೆ. ಎರಡನೆಯದಕ್ಕೆ ಉತ್ತರವಿಲ್ಲದ ಪ್ರಯಾಣ ನಮ್ಮ ಕರಾವಳಿಯಲ್ಲಿ ಬಹುಕಾಲ ಇರಲೇ ಇಲ್ಲ. ಮಣಿಪಾಲಕ್ಕೆ ಹೋಗುವುದು ಆಸ್ಪತ್ರೆಗೆ, ಧಾರವಾಡಕ್ಕೆ ಪರೀಕ್ಷೆಗೆ, ಇಡಗುಂಜಿಗೆ ಹರಕೆಗೆ. ಮುಂಬಯಿಗೆ ಕೆಲಸಕ್ಕೆ, ಇಲ್ಲವೇ ಕೆಲಸಕ್ಕೆ ಹೋದವರ ಮನೆಯ ಬಾಣಂತನಕ್ಕೆ. ಊರು ನೋಡಬೇಕೆಂಬ ಆಸೆ ಇದ್ದವರಿಗೂ ಒಂದು ಕಾರಣ ಬೇಕಿತ್ತು, ಕಾರಣಕ್ಕೊಂದು ನೆಂಟರ ಮನೆ ಬೇಕಿತ್ತು. ಹೆಂಗಸರಿಗಂತೂ ಎರಡೂ ಇದ್ದರೂ ಸಾಲುತ್ತಿರಲಿಲ್ಲ, ಜೊತೆಗೊಬ್ಬರು ಬೇಕಿತ್ತು.

ನಾನು ಬೆಳೆದದ್ದು ಭಟ್ಕಳದ ಹತ್ತಿರ. ಅಲ್ಲಿ ವಿದೇಶ ಅಪರೂಪದ ಮಾತಾಗಿರಲಿಲ್ಲ. ಪೇಟೆಯಲ್ಲಿ ಫಾರಿನ್ ಸಾಮಾನಿನ ಅಂಗಡಿಗಳಿದ್ದವು. ಸೆಂಟು, ಸೋಪು, ಟಾರ್ಚು, ಬಟ್ಟೆ ಕೊಳ್ಳಲು ಕುಮಟೆ ಕಡೆಯಿಂದಲೂ ಜನ ಬರುತ್ತಿದ್ದರು. ನವಾಯತ ಮುಸ್ಲಿಮರ ಮನೆಗಳ ಗಂಡಸರು ದುಬೈಯಲ್ಲೋ ಸೌದಿಯಲ್ಲೋ ಇರುತ್ತಿದ್ದರು. ನನ್ನ ಜೊತೆ ಓದಿದ ಹುಡುಗಿಯೊಬ್ಬಳ ಮನೆಯಲ್ಲಿ ಅಪ್ಪನ ಮಾತು ತುಂಬಿದ ಕ್ಯಾಸೆಟ್ಟು ಬಂದ ದಿನ ಎಲ್ಲರೂ ಟೇಪ್‌ರೆಕಾರ್ಡರಿನ ಸುತ್ತ ಕೂರುತ್ತಿದ್ದರು. ಆ ಮನೆಗಳಲ್ಲಿ ಪಾಸ್‌ಪೋರ್ಟು ದುಡಿಮೆಯ ಕಾಗದ. 1983ರ ವಲಸೆ ಕಾಯ್ದೆ ಬಂದ ಮೇಲೆ ಹೆಚ್ಚು ಓದಿರದವರು ಕೆಲಸಕ್ಕೆ ಹೊರಡುವ ಮುಂಚೆ ಸರ್ಕಾರದ ಅನುಮತಿಯನ್ನೂ ಪಡೆಯಬೇಕಿತ್ತು. ಗಂಡ ಹೋಗುತ್ತಿದ್ದ, ಹೆಂಡತಿ ಉಳಿಯುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ದೇಶವನ್ನು ನೋಡಲೆಂದೇ ಹೋಗಿ ಬಂದದ್ದನ್ನು ನನ್ನ ಮದುವೆಯವರೆಗೆ ಹಿಂದೂಗಳ ಮನೆಯಲ್ಲಿಯೂ ಕೇಳಲಿಲ್ಲ, ಮುಸ್ಲಿಮರ ಮನೆಯಲ್ಲಿಯೂ ಕೇಳಲಿಲ್ಲ.

1987ರಲ್ಲಿ ಮದುವೆಯಾಗಿ ಕುಮಟೆಗೆ ಬಂದೆ. ಹೊಸ ಜೋಡಿ ಎಲ್ಲಿಗಾದರೂ ಹೋಗಿ ಬರಲಿ ಎಂದು ಮಾವನವರೇ ಹೇಳಿದರು, ಊರನ್ನೂ ಅವರೇ ಗೊತ್ತು ಮಾಡಿದರು. ಮೈಸೂರು, ಏಕೆಂದರೆ ಅಲ್ಲಿ ನಾದಿನಿಯ ಮನೆ ಇತ್ತು. ಹೊನ್ನಾವರದಿಂದ ಬಸ್ಸಿನಲ್ಲಿ ಗೇರುಸೊಪ್ಪೆಯ ಘಟ್ಟ ಹತ್ತಿ ತಾಳಗುಪ್ಪಕ್ಕೆ ಹೋದೆವು. ಅಲ್ಲಿಂದ ಶಿವಮೊಗ್ಗದ ಕಡೆಗೆ ಮೀಟರ್‌ಗೇಜ್ ರೈಲು. ಸಮುದ್ರದ ಪಕ್ಕ ಹುಟ್ಟಿದ ನಾನು ಮೊದಲು ರೈಲು ಹತ್ತಿದ್ದು ಘಟ್ಟದ ಮೇಲೆ. ಮೈಸೂರಿನಲ್ಲಿ ನಾದಿನಿಯ ಮಕ್ಕಳ ಜೊತೆ ನಡುಮನೆಯಲ್ಲಿ ಮಲಗಿದೆವು. ಅರಮನೆ, ಚಾಮುಂಡಿ ಬೆಟ್ಟ, ಬೃಂದಾವನ ಎಲ್ಲವನ್ನೂ ಐದಾರು ಜನ ಒಟ್ಟಿಗೆ ನೋಡಿದೆವು. ಟಿಕೆಟ್ಟು, ದುಡ್ಡು, ವಾಪಸ್ ಬಸ್ಸಿನ ಹೊತ್ತು ಎಲ್ಲ ಇವರ ಅಂಗಿಯ ಜೇಬಿನಲ್ಲಿ. ಯಾವ ಊರಿನಲ್ಲಿ ಇಳಿಯುತ್ತೇವೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಸುಖವಾಗಿಯೇ ಇದ್ದೆ. ಆದರೆ ಅದು ನಾನು ಮಾಡಿದ ಪ್ರವಾಸವಲ್ಲ, ನನ್ನನ್ನು ಕರೆದುಕೊಂಡು ಹೋದ ಪ್ರವಾಸ.

ನಮ್ಮ ಕಡೆಯ ಕರಾವಳಿಗೆ ರೈಲು ಬಂದದ್ದು ಅದಾಗಿ ಹತ್ತು ವರ್ಷಕ್ಕೆ. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಆಗ ಬಂಡವಾಳದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ರೈಲ್ವೆಯದ್ದು, ಉಳಿದದ್ದು ನಾಲ್ಕು ರಾಜ್ಯಗಳದ್ದು, ಕರ್ನಾಟಕದ ಪಾಲು ಶೇ. 15. ಗದ್ದೆಗಳು ಹೋದವು, ಪರಿಹಾರದ ಮಾತು ಬಹಳ ದಿನ ನಡೆಯಿತು. ನಾನು ಆಗ ಹೊನ್ನಾವರದ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ದಿನವೂ ಕುಮಟೆಯಿಂದ ಬಸ್ಸು. ಶರಾವತಿಯ ಮೇಲೆ ಕಂಬಗಳು ಏಳುವುದನ್ನು ತೋರಿಸಲು ಮಕ್ಕಳನ್ನು ದಡಕ್ಕೆ ಕರೆದುಕೊಂಡು ಹೋಗಿದ್ದೆ. ಎರಡು ಕಿಲೋಮೀಟರಿಗೂ ಉದ್ದದ ಆ ಸೇತುವೆ ಕೊಂಕಣ ರೈಲ್ವೆಯ ಎಲ್ಲ ಸೇತುವೆಗಳಲ್ಲಿ ದೊಡ್ಡದು. ನನ್ನ ಅಜ್ಜಿ ಅದೇ ನದಿಯನ್ನು ದೋಣಿಯಲ್ಲಿ ದಾಟಿ ತವರಿಗೆ ಹೋಗುತ್ತಿದ್ದವರು.

1998ರ ಜನವರಿ 26ರಂದು ಇಡೀ ಮಾರ್ಗ ತೆರೆಯಿತು. ಮತ್ಸ್ಯಗಂಧ ರೈಲು ಬಂದ ಮೇಲೆ ಸಂಜೆ ಕುಮಟೆಯಲ್ಲಿ ಹತ್ತಿದವರು ಬೆಳಿಗ್ಗೆ ಮುಂಬಯಿಯಲ್ಲಿ ಇಳಿಯತೊಡಗಿದರು. ಹಬ್ಬಕ್ಕೆ ಬರುವವರು ಹೆಚ್ಚಿದರು, ಮಾವಿನಕಾಯಿಯ ಚೀಲಗಳು ಸುಲಭವಾಗಿ ಹೋಗತೊಡಗಿದವು. ಬದಲಾಗದೆ ಉಳಿದದ್ದು ಆ ಎರಡನೆಯ ಪ್ರಶ್ನೆ. ರೈಲು ನಮ್ಮನ್ನು ನೆಂಟರ ಮನೆಗಳಿಗೆ ಬೇಗ ಮುಟ್ಟಿಸಿತು, ನೆಂಟರಿಲ್ಲದ ಊರಿಗೆ ಒಯ್ಯಲಿಲ್ಲ. ಅದಕ್ಕೆ ಇನ್ನೂ ಸ್ವಲ್ಪ ಕಾಲ ಬೇಕಾಯಿತು. ನಿವೃತ್ತಿಯ ದುಡ್ಡು ಬೇಕಾಯಿತು, ಮಕ್ಕಳು ತಮ್ಮ ಪಾಡಿಗೆ ತಾವು ನಿಲ್ಲಬೇಕಾಯಿತು.

ಈಗ ನಾವಿಬ್ಬರೂ ಬರುವ ಮೇ ತಿಂಗಳಲ್ಲಿ ವಿಯೆನ್ನಾ, ಸಾಲ್ಸ್‌ಬರ್ಗ್, ಇನ್ಸ್‌ಬ್ರೂಕ್, ಜ್ಯೂರಿಕ್ ಎಂದು ರೈಲಿನಲ್ಲಿ ಹೊರಟಿದ್ದೇವೆ. ಇವರು ಮೊದಲು ಕೇಳಿದ್ದು ಪ್ಯಾಕೇಜ್ ಟೂರ್. ಊಟಕ್ಕೆ ಅನ್ನ ಸಾರು ಸಿಗುತ್ತದೆ, ಗೈಡ್ ಇರುತ್ತಾನೆ, ತಲೆಬಿಸಿ ಇಲ್ಲ ಎಂಬ ವಾದ. ಅದು ಕೆಟ್ಟ ವಾದವಲ್ಲ. ಪಕ್ಕದ ಬೀದಿಯವರು ಹಾಗೆ ಹೋಗಿ ಚೆನ್ನಾಗಿಯೇ ಬಂದಿದ್ದಾರೆ. ಆದರೆ ಆಲ್ಪ್ಸ್ ಪರ್ವತವನ್ನು ಕಪ್ಪುಹಲಗೆಯ ಮೇಲೆ ಬರೆದು ಬರೆದು ಕಲಿಸಿದವಳಿಗೆ ಅದನ್ನು ಬೇರೆಯವರ ಗಡಿಯಾರದಲ್ಲಿ ನೋಡಲು ಮನಸ್ಸಿಲ್ಲ. “ಅಲ್ರೀ, ಬಸ್ಸಿನಲ್ಲಿ ಕೂತು ಕರೆದಲ್ಲಿ ಇಳಿಯುವುದಾದರೆ ಮೈಸೂರಿಗೆ ಹೋದ ಹಾಗೇ ಆಯಿತಲ್ಲ?” ಎಂದೆ. “ಹಾಗಾದರೆ ನೀನೇ ಮಾಡು ಮಾರಾಯ್ತಿ, ನಾನು ಲೆಕ್ಕ ನೋಡುತ್ತೇನೆ” ಎಂದರು. ಬ್ಯಾಂಕಿನಲ್ಲಿದ್ದವರು. ಹಾಗೆ ಕೆಲಸ ಹಂಚಿಕೆಯಾಯಿತು.

ಮೊದಲು ಪಟ್ಟಿಯಲ್ಲಿ ಪ್ರಾಗ್ ಇತ್ತು, ವೆನಿಸ್ ಇತ್ತು, ಪ್ಯಾರಿಸ್ ಕೂಡ ಇತ್ತು. ಒಂದೊಂದಾಗಿ ತೆಗೆದೆ. ಊರು ಬದಲಿಸುವ ದಿನ ಅರ್ಧ ದಿನ ಹೋಯಿತೆಂದೇ ಲೆಕ್ಕ. ಪೆಟ್ಟಿಗೆ ಕಟ್ಟಬೇಕು, ಸ್ಟೇಷನ್ನಿಗೆ ಹೋಗಬೇಕು, ಹೊಸ ಊರಲ್ಲಿ ಕೋಣೆ ಹುಡುಕಬೇಕು. ನಮ್ಮ ವಯಸ್ಸಿನವರು ಒಂದು ರಾತ್ರಿಗೊಂದು ಊರು ಮಾಡಿದರೆ ಊರು ಕಾಣುವುದಿಲ್ಲ, ಪೆಟ್ಟಿಗೆ ಮಾತ್ರ ಕಾಣುತ್ತದೆ. ಒಂದೇ ಸಾಲಿನಲ್ಲಿರುವ ಊರುಗಳನ್ನು ಇಟ್ಟುಕೊಂಡೆ. ವಿಯೆನ್ನಾದಿಂದ ಸಾಲ್ಸ್‌ಬರ್ಗಿಗೆ ಎರಡೂವರೆ ಗಂಟೆ, ಅಲ್ಲಿಂದ ಇನ್ಸ್‌ಬ್ರೂಕಿಗೆ ಎರಡು ಗಂಟೆಯೊಳಗೆ, ಜ್ಯೂರಿಕಿಗೆ ಮತ್ತೆ ಮೂರೂವರೆ ಗಂಟೆ. ಎಲ್ಲಿಯೂ ರೈಲು ಬದಲಿಸಬೇಕಾಗಿಲ್ಲ. ವಿಯೆನ್ನಾದಲ್ಲಿ ಇಳಿದು ಜ್ಯೂರಿಕಿನಿಂದ ವಾಪಸ್ ಹಾರುವಂತೆ ವಿಮಾನದ ಟಿಕೆಟ್ಟು ಮಾಡಿದರೆ ಬಂದ ದಾರಿಯಲ್ಲೇ ತಿರುಗಿ ಹೋಗುವ ಖರ್ಚೂ ದಿನವೂ ಉಳಿಯುತ್ತವೆ. ವಿಮಾನ ಬದಲಿಸುವುದು ದುಬೈಯಲ್ಲಿ. ಭಟ್ಕಳದವರು ಇಳಿಯುತ್ತಿದ್ದ ಊರು ನಮಗೆ ಕೆಲವು ಗಂಟೆಗಳ ತಂಗುದಾಣ.

ರೈಲಿನ ಪಾಸು ಬೇಕೇ ಎಂಬುದರ ಮೇಲೆ ಬಹಳ ಚರ್ಚೆಯಾಯಿತು. ಯುರೇಲ್ ಪಾಸು 1959ರಿಂದ ಇದೆ, ಈಗ 33 ದೇಶಗಳಲ್ಲಿ ನಡೆಯುತ್ತದೆ. ದಿನಕ್ಕೊಂದು ಊರು ತಿರುಗುವ ಹುಡುಗರಿಗೆ, ಎಲ್ಲಿ ಬೇಕಾದರೂ ಇಳಿಯುತ್ತೇನೆನ್ನುವವರಿಗೆ ಅದು ಒಳ್ಳೆಯದು. ಇಟಲಿ, ಫ್ರಾನ್ಸಿನ ವೇಗದ ರೈಲುಗಳಿಗೆ ಪಾಸಿದ್ದರೂ ಸೀಟಿನ ದುಡ್ಡು ಬೇರೆ ಕೊಡಬೇಕು. ನಮ್ಮ ಹಾಗೆ ಮೂರೇ ಪ್ರಯಾಣ ಇರುವವರಿಗೆ ಮುಂಚೆಯೇ ಕೊಂಡ ಬಿಡಿ ಟಿಕೆಟ್ಟು ಅಗ್ಗ. ಇವರೇ ಕೂಡಿಸಿ ಕಳೆದು ಒಪ್ಪಿದರು. ಅಲ್ಲಿ ವಿಮಾನದ ಹಾಗೆ ದರ ಏರುತ್ತದೆ, ಬೇಗ ಕೊಂಡವರಿಗೆ ಕಡಿಮೆ. ಆದರೆ ಅಗ್ಗದ ಟಿಕೆಟ್ಟು ಅದೇ ರೈಲಿಗೆ ಮಾತ್ರ, ತಪ್ಪಿದರೆ ಹೋಯಿತು. ವಿಯೆನ್ನಾ–ಸಾಲ್ಸ್‌ಬರ್ಗ್ ನಡುವೆ ಎರಡು ಕಂಪನಿಗಳ ರೈಲು ಓಡುತ್ತವೆ, ಒಂದರ ಟಿಕೆಟ್ಟು ಇನ್ನೊಂದಕ್ಕೆ ನಡೆಯುವುದಿಲ್ಲ. ಇನ್ನೊಂದು ಸಂಗತಿ ಇವರಿಗೆ ಒಗ್ಗಲು ಹೊತ್ತು ಹಿಡಿಯಿತು: ಆಸ್ಟ್ರಿಯಾದಲ್ಲಿ ಟಿಕೆಟ್ಟು ಬೇರೆ, ಸೀಟು ಬೇರೆ. ಟಿಕೆಟ್ಟಿದ್ದರೆ ಹತ್ತಬಹುದು, ಯಾರೂ ಕಾದಿರಿಸದ ಸೀಟಿನಲ್ಲಿ ಕೂರಬಹುದು. ವೇಟಿಂಗ್ ಲಿಸ್ಟ್ ಎಂಬುದಿಲ್ಲ, ಚಾರ್ಟ್ ಬರುವ ತನಕ ಉಸಿರು ಹಿಡಿದು ಕೂರುವುದಿಲ್ಲ. ನಾವು ಸೀಟಿಗೂ ಕೊಡೋಣವೆಂದು ತೀರ್ಮಾನಿಸಿದ್ದೇವೆ. ಮಂಡಿ ನೋವಿನವರು ನಿಂತು ಹೋಗುವ ಪ್ರಯೋಗ ಮಾಡಬಾರದು.

ಇನ್ಸ್‌ಬ್ರೂಕ್–ಜ್ಯೂರಿಕ್ ದಾರಿಗೋಸ್ಕರವೇ ನಾನು ಈ ಸಾಲನ್ನು ಆರಿಸಿದ್ದು. ಅಲ್ಲಿ ಆರ್ಲ್‌ಬರ್ಗ್ ಸುರಂಗವಿದೆ, ಹತ್ತು ಕಿಲೋಮೀಟರಿಗೂ ಉದ್ದ, ತೆರೆದದ್ದು 1884ರಲ್ಲಿ. ನಮ್ಮ ಕೊಂಕಣ ರೈಲ್ವೆಯ ಅತಿ ಉದ್ದದ ಕರಬುಡೆ ಸುರಂಗ ಆರೂವರೆ ಕಿಲೋಮೀಟರು, ನೂರಕ್ಕೂ ಹೆಚ್ಚು ವರ್ಷ ತಡವಾಗಿ ಬಂದದ್ದು. ಆರ್ಲ್‌ಬರ್ಗ್ ದಾಟಿದ ಮೇಲೆ ರೈಲು ಲಿಕ್ಟೆನ್‌ಸ್ಟೈನ್ ಎಂಬ ಇಡೀ ಒಂದು ದೇಶವನ್ನು ನಿಲ್ಲದೆ ಹಾದುಹೋಗುತ್ತದೆ. ಕಿಟಕಿಯ ಪಕ್ಕದ ಸೀಟು ನನಗೆ ಎಂದು ಇವರಿಗೆ ಈಗಲೇ ಹೇಳಿಟ್ಟಿದ್ದೇನೆ.

ವೀಸಾದ ಕೆಲಸ ಮಾತ್ರ ಹಗುರವಲ್ಲ. ಹೆಚ್ಚು ದಿನ ಎಲ್ಲಿ ಇರುತ್ತೇವೋ ಆ ದೇಶಕ್ಕೆ ಅರ್ಜಿ, ಹಾಗಾಗಿ ಆಸ್ಟ್ರಿಯಾಕ್ಕೆ. ಹೊರಡುವ ಆರು ತಿಂಗಳಿಗಿಂತ ಮುಂಚೆ ಹಾಕುವ ಹಾಗಿಲ್ಲ, ಹದಿನೈದು ದಿನಕ್ಕಿಂತ ತಡ ಮಾಡುವ ಹಾಗೂ ಇಲ್ಲ. ಶುಲ್ಕ 2024ರ ಜೂನ್‌ನಿಂದ ತಲೆಗೆ 90 ಯೂರೋ. ಕನಿಷ್ಠ 30,000 ಯೂರೋದ ಚಿಕಿತ್ಸಾ ವಿಮೆ, ಬ್ಯಾಂಕಿನ ಲೆಕ್ಕ, ಆದಾಯ ತೆರಿಗೆಯ ಕಾಗದ, ಉಳಿಯುವ ಪ್ರತಿ ರಾತ್ರಿಯ ಪುರಾವೆ. ಬೆರಳಚ್ಚಿಗೆ ಬೆಂಗಳೂರಿಗೆ ಹೋಗಲೇಬೇಕು. ಅರ್ಜಿಯಲ್ಲಿ ಒಂದು ಕಡೆ ಕೇಳುತ್ತಾರೆ: ನಿಮ್ಮನ್ನು ಕರೆದವರ ಹೆಸರೇನು, ಇಲ್ಲವಾದರೆ ಹೋಟೆಲಿನ ಹೆಸರೇನು. ಕುಮಟೆಯ ಬೀದಿಯ ಪ್ರಶ್ನೆಯೇ ಅದು. ಕರೆದವರು ಯಾರೂ ಇಲ್ಲ. ಹೋಟೆಲಿನ ಹೆಸರು ಬರೆದೆ. ಪ್ರವಾಸದ ಉದ್ದೇಶ ಎಂಬಲ್ಲಿ ಊರು ನೋಡುವುದು ಎಂಬುದಕ್ಕೆ ಗುರುತು ಹಾಕಿದೆ. ನನ್ನ ಅಮ್ಮನಿಗೂ ಅತ್ತೆಗೂ ಜೀವಮಾನದಲ್ಲಿ ಯಾರ ಮುಂದೆಯೂ ಆ ಉತ್ತರ ಕೊಡಲಾಗಲಿಲ್ಲ. ಕೊಡುವ ಆಸೆ ಅವರಿಗೆ ಇರಲಿಲ್ಲವೆಂದು ನಾನು ನಂಬುವುದಿಲ್ಲ.

ಊಟಕ್ಕೆಂದು ಅಡುಗೆಮನೆ ಇರುವ ಕೋಣೆಗಳನ್ನೇ ಹಿಡಿದಿದ್ದೇವೆ. ಅವಲಕ್ಕಿ, ಹಪ್ಪಳ, ಅಪ್ಪೆಮಿಡಿ ಬರುತ್ತವೆ. ತುಪ್ಪ, ಪೇಡೆ ಬರುವುದಿಲ್ಲ, ಹೊರದೇಶದ ಹಾಲಿನ ಪದಾರ್ಥವನ್ನು ಐರೋಪ್ಯ ಒಕ್ಕೂಟದ ಗಡಿಯಲ್ಲಿ ಬಿಡುವುದಿಲ್ಲ. ಕೋಣೆಗಳು ಸ್ಟೇಷನ್ನಿಗೆ ಹತ್ತಿರ. ನಮ್ಮಲ್ಲಿ ಸ್ಟೇಷನ್ನು ಪೇಟೆಯಿಂದ ಹೊರಗಿರುತ್ತದೆ, ರಿಕ್ಷಾ ಬೇಕು. ಅಲ್ಲಿ ಸಾಲ್ಸ್‌ಬರ್ಗಿನ ಸ್ಟೇಷನ್ನಿನಿಂದ ಹಳೆಯ ಪಟ್ಟಣಕ್ಕೆ ನಡೆದೇ ಹೋಗಬಹುದು. ಹಮಾಲಿಗಳನ್ನು ನೆಚ್ಚುವಂತಿಲ್ಲ, ಆದ್ದರಿಂದ ತಲೆಗೊಂದೇ ಪೆಟ್ಟಿಗೆ, ಅವರವರೇ ಎತ್ತುವಷ್ಟು.

ಮೇ ತಿಂಗಳನ್ನು ಆರಿಸಿದ್ದು ಹವೆಗೋಸ್ಕರ ಮಾತ್ರವಲ್ಲ. ಜೂನ್ ಬಂತೆಂದರೆ ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿ, ಗಾಡಿಗಳು ನಿಧಾನ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಈ ಕರಾವಳಿಯವರು ದೂರದ ವಿಮಾನ ಹಿಡಿಯುವಾಗ ಮಧ್ಯೆ ಒಂದು ಖಾಲಿ ದಿನ ಇಟ್ಟುಕೊಳ್ಳಲೇಬೇಕು, ಬೇಸಿಗೆಯಲ್ಲೂ ಸರಿಯೇ. ಸಂಜೆಯ ಪಂಚಗಂಗಾ ರೈಲಿನಲ್ಲಿ ಹೊರಟು ಬೆಳಿಗ್ಗೆ ಬೆಂಗಳೂರು, ವಿಮಾನ ಮರುದಿನ. ಜ್ಯೂರಿಕಿನಲ್ಲಿಯೂ ಕೊನೆಯ ರೈಲು ಪ್ರಯಾಣಕ್ಕೂ ವಿಮಾನಕ್ಕೂ ನಡುವೆ ಹಾಗೆಯೇ ಬಿಟ್ಟಿದ್ದೇನೆ.

ಟಿಕೆಟ್ಟುಗಳು ಈಗ ಇಬ್ಬರ ಫೋನಿನಲ್ಲೂ ಇವೆ, ಕಾಗದದ ಪ್ರತಿಯೂ ಇಬ್ಬರ ಚೀಲದಲ್ಲಿ. ಯಾವ ಪ್ಲಾಟ್‌ಫಾರ್ಮಿನ ಯಾವ ಭಾಗದಲ್ಲಿ ನಮ್ಮ ಡಬ್ಬಿ ನಿಲ್ಲುತ್ತದೆಂದು ನೋಡುವುದು ಹೇಗೆಂದು ಇಬ್ಬರೂ ಕಲಿತಿದ್ದೇವೆ. ಅಲ್ಲಿ ಬಾಗಿಲು ಬೇಗ ಮುಚ್ಚಿಕೊಳ್ಳುತ್ತದೆ. ಒಬ್ಬರು ಇಳಿದು ಇನ್ನೊಬ್ಬರು ಒಳಗೇ ಉಳಿದರೆ ಏನು ಮಾಡುವುದೆಂದೂ ಮಾತಾಡಿಕೊಂಡಿದ್ದೇವೆ: ಇಳಿದವರು ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವುದು, ಉಳಿದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಬರುವುದು. ಯಾರು ಇಳಿದವರು, ಯಾರು ಉಳಿದವರು ಎಂಬುದು ಮುಖ್ಯವಲ್ಲ. ಇಬ್ಬರಿಗೂ ದಾರಿ ಗೊತ್ತಿದೆ.