ಕೊಡದ ಮೇಲಿನ ಹೆಸರು

ನಮ್ಮೂರಲ್ಲಿ ಈಗ ನನಗೆ ‘ಪ್ಯಾಂಟು ಹಾಕಿದ ಹೆಳವ’ ಎಂದು ಹೆಸರು. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಮನೆಮನೆಯ ವಂಶಾವಳಿ ಬರೆಯುವ ಚಟ ಹತ್ತಿತು. ನಿಜವಾದ ಹೆಳವರಾದರೆ ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು, ಗಂಟೆ ಬಾರಿಸಿ, ಅಂಗಳದಲ್ಲಿ ನಿಂತು ಮನೆತನದ ಹಿರೀಕರನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಜೋಳವನ್ನೋ ಪಾತ್ರೆಯನ್ನೋ ಕೈ ದೊಡ್ಡದಿದ್ದ ಮನೆಯಲ್ಲಿ ಕರುವನ್ನೋ ಪಡೆದು ಹೋಗುತ್ತಿದ್ದರು. ನನಗೆ ಸಿಗುವುದು ಅರ್ಧ ಕಪ್ಪು ಚಹಾ.

ನಮ್ಮ ಮನೆಯ ಹೆಳವ ಕೊನೆಯ ಸಲ ಬಂದಾಗ ಪಕ್ಕದಲ್ಲೇ ಕೂತು ಅವನ ಚೋಪಡಿ ನೋಡಿದೆ. ಬಟ್ಟೆಯ ಗಂಟು ಬಿಚ್ಚಿ, ಬೆರಳಿಗೆ ಉಗುಳು ಹಚ್ಚದೆ, ಪುಟವನ್ನು ಎರಡೂ ಕೈಯಿಂದ ತಿರುವಿದ. “ನಿಮ್ಮ ಮುತ್ತ್ಯಾನ ಅಪ್ಪ ಬರಕ್ಕ ಹೆದರಿ ಎರಡ ಎತ್ತು ಹೊಡಕೊಂಡು ಈ ಊರಿಗೆ ಬಂದಾನ್ರಿ” ಎಂದ. ಇಸವಿ ಹೇಳಲಿಲ್ಲ. ತಲೆಮಾರು ಎಣಿಸಿದರೆ ಲೆಕ್ಕ 1876–78ರ ಬರಕ್ಕೆ ಹೋಗಿ ಮುಟ್ಟುತ್ತದೆ.

“ಹೆಣ್ಮಕ್ಕಳ ಹೆಸರು ಎಲ್ಲಿ?” ಎಂದು ಕೇಳಿದೆ.

“ಕೊಟ್ಟ ಮನ್ಯಾಗ ಬರಕೋತಾರ್ರಿ ಸರ.”

ಕೊಟ್ಟ ಮನೆಯ ಚೋಪಡಿಯನ್ನೂ ಹುಡುಕಿಕೊಂಡು ಹೋಗಿ ನೋಡಿದೆ. ಅಲ್ಲೂ ಬರೀ ಗಂಡಸರೇ.

ಕಂಪನಿ ಸರ್ಕಾರದ ಮೆಕೆಂಜಿ ಸಾಹೇಬ ಇನ್ನೂರು ವರ್ಷದ ಹಿಂದೆ ಜನರನ್ನಿಟ್ಟು ಊರೂರಿನ ಕೈಫಿಯತ್ತು, ಅಂದರೆ ಸ್ಥಳಚರಿತ್ರೆ, ಕೂಡಿಸಿದ. ಗುಡಿ, ಕೋಟೆ, ದೊರೆ, ಪಾಳೆಯಗಾರ ಎಲ್ಲ ಉಂಟು. ನಮ್ಮಜ್ಜಿಯಂಥವರನ್ನು ಅಲ್ಲಿ ಹುಡುಕುವುದು ದಂಡ. ಹಳೆಯ ಜಮೀನು ಕಾಗದ ತೆಗೆದರೆ ಮೋಡಿ ಲಿಪಿ. ಓದಬಲ್ಲವರು ಊರಿಗೊಬ್ಬರೂ ಉಳಿದಿಲ್ಲ.

ಹಾಗೆ ನೋಡಿದರೆ ನನ್ನ ಬಳಿ ಬರುವವರಿಗೂ ಹಿರಿಯರ ಮೇಲೆ ಅಂಥ ಮಮತೆಯೇನಿಲ್ಲ. ಆಸ್ತಿಯ ವಾಟ್ನಿ ಆಗಬೇಕು, ಹೊಲದ ಉತಾರದಲ್ಲಿ ಹೆಸರು ಏರಬೇಕು, ಅದಕ್ಕೆ ಬರುತ್ತಾರೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಬಂತು. ಆಮೇಲೆ ನೋಡಿ, ಮೂವತ್ತು ವರ್ಷ ತಂಗಿಯ ಮನೆಯ ಹೊಸ್ತಿಲು ತುಳಿಯದ ಅಣ್ಣಂದಿರು ಅವಳ ಹೆಸರನ್ನು ಒತ್ತಕ್ಷರ ತಪ್ಪದಂತೆ ಬರೆಸುತ್ತಾರೆ. ಸಹಿ ಬೇಕಲ್ಲ! ಹೊಲದ ನೆಪದಲ್ಲಾದರೂ ಹೆಣ್ಣುಮಕ್ಕಳು ವಂಶಾವಳಿಗೆ ಬಂದರೆನ್ನುವುದು ನನ್ನ ಸಮಾಧಾನ.

ನಮ್ಮಜ್ಜಿ ಮಾತ್ರ ಸಿಕ್ಕಿರಲಿಲ್ಲ. ಮದುವೆಯಾಗಿ ಬಂದಾಗ ಅತ್ತೆಯದೂ ಸೊಸೆಯದೂ ಒಂದೇ ಹೆಸರಾಯಿತೆಂದು ಸೊಸೆಯ ಹೆಸರು ಬದಲಿಸಿದರಂತೆ. ತವರಿನ ಹೆಸರು ಯಾವುದು? ಅತ್ತೆಯದೇ. ಅತ್ತೆಯ ಹೆಸರು? ಅದನ್ನೂ ಯಾರೂ ಬರೆದಿಟ್ಟಿಲ್ಲ.

ಹೋದ ವರ್ಷ ಅಟ್ಟ ಸ್ವಚ್ಛ ಮಾಡುವಾಗ ಅಜ್ಜಿಯ ತಾಮ್ರದ ಕೊಡ ಸಿಕ್ಕಿತು, ತಳ ತೂತಾದದ್ದು. ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಅಕ್ಷರ ಕೊರೆದಿದ್ದರು. ಮದುವೆಯಲ್ಲಿ ತವರಿನವರು ಕೊಟ್ಟದ್ದಿರಬೇಕು. ಅಂಗಳದ ಬಿಸಿಲಿಗೆ ಹಿಡಿದು ಓರೆ ಮಾಡಿದೆ, ರಂಗೋಲಿ ಪುಡಿ ಉಜ್ಜಿದೆ. ಅರವತ್ತು ವರ್ಷ ಅಜ್ಜಿ ತಾನೇ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ತನ್ನ ಹೆಸರನ್ನು ಸವೆಸಿಬಿಟ್ಟಿದ್ದಳು. ಕೊನೆಯ ‘ವ್ವ’ ಒಂದೇ ಉಳಿದಿತ್ತು.

ನಿಮ್ಮ ಅಟ್ಟದಲ್ಲೂ ಅಂಥದೊಂದು ಪಾತ್ರೆ ಇದ್ದೀತು. ತೂಕಕ್ಕೆ ಹಾಕುವ ಮೊದಲು ಒಮ್ಮೆ ಬಿಸಿಲಿಗೆ ಹಿಡಿದು ನೋಡಿ.